ಬೀದಿ ನಾಟಕ ನೋಡಿ ಜನ ಬದಲಾಗುತ್ತಾರಾ?

ಕೆರೆದಂಡೆ:
ನಮ್ಮೂರ ಕೆರೆಗೆ ಕಸ ಸುರಿಯುವುದು ನಿಲ್ಲಲಿ ಅಂತ ನಾವು ಏಳು ಜನ ಬೀದಿ ನಾಟಕ ಮಾಡುತ್ತಿದ್ದೇವೆ. ಭಾನುವಾರ ಜೋರು ಚಪ್ಪಾಳೆ. ಸೋಮವಾರ ಬೆಳಗ್ಗೆ ನೋಡಿದರೆ ಅದೇ ದಂಡೆಯ ಮೇಲೆ ಹೊಸ ಕಸದ ಚೀಲ, ಬಾಯಿ ಬಿಚ್ಚಿ ಬಾಡಿದ ಚೆಂಡುಹೂವು ಚೆಲ್ಲಿತ್ತು. ತುಂಬಾ ಬೇಜಾರಾಯಿತು. ಕಲೆಯಿಂದ ನಿಜಕ್ಕೂ ಏನಾದರೂ ಬದಲಾಗಿದೆಯಾ?

ಘಟ್ಟದವಳು:
ಆಗಿದೆ. ಅಪ್ಪಿಕೋ ಚಳವಳಿ ನೋಡಿ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಕಡೆಯ ಸಾಲ್ಕಣಿ ಜನ ಕಳಸೆ ಕಾಡಿಗೆ ನಡೆದು ಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಚಳವಳಿಯ ಮುಂದಾಳು ಪಾಂಡುರಂಗ ಹೆಗಡೆ ಮತ್ತು ಸಂಗಡಿಗರು ಪಾದಯಾತ್ರೆ, ಸ್ಲೈಡ್ ಶೋ, ಜಾನಪದ ಕುಣಿತ, ಬೀದಿ ನಾಟಕ ಎಲ್ಲ ಇಟ್ಟುಕೊಂಡು ಹಳ್ಳಿಗಳನ್ನು ಸುತ್ತಿದರು. ಆದರೆ ಬರೀ ನಾಟಕದಿಂದ ಆಗಿದ್ದಲ್ಲ. ಅಡಿಕೆ ತೋಟಕ್ಕೆ ಗೊಬ್ಬರದ ಸೊಪ್ಪು ಬರುವುದು ಕಾಡಿನಿಂದ, ಅದು ಹೋದರೆ ತಮ್ಮ ಬದುಕೇ ಹೋಗುತ್ತದೆ ಅಂತ ಜನಕ್ಕೆ ಗೊತ್ತಿತ್ತು. ನಿಮ್ಮ ನಾಟಕದಲ್ಲಿ ಕೆರೆಗೂ ಊರಿನ ಬೋರ್‌ವೆಲ್‌ಗೂ ಇರುವ ನಂಟು ಬರುತ್ತದಾ?

ಹಾದಿಹೋಕ:
ಜಾಗವೂ ಮುಖ್ಯ ಅಲ್ವಾ? 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ನೀರು ನಿಂತ ರಸ್ತೆಗುಂಡಿಯಲ್ಲೇ ಮೊಸಳೆಯ ಆಕೃತಿ ಇಟ್ಟರು. ದೂರು ಕೊಟ್ಟರೂ ಆಗದ್ದು ಆಗ ಆಯಿತು, ಗುಂಡಿ ಮುಚ್ಚಿದರು. ನೀವೂ ಕಸ ಬೀಳುವ ಜಾಗದಲ್ಲೇ ಆಡಿ.

ಕೆರೆದಂಡೆ:
ನಾವು ಆಡಿದ್ದು ದೇವಸ್ಥಾನದ ಮುಂದೆ. ಬೋರ್‌ವೆಲ್ ಮಾತೇ ಎತ್ತಿರಲಿಲ್ಲ. ಮುಂದಿನ ಭಾನುವಾರ ದಂಡೆ ಮೇಲೇ ಆಡುತ್ತೇವೆ, ಅಲ್ಲಿ ದಿನಾ ಕಸ ಎತ್ತುವ ಅಕ್ಕನನ್ನೂ ಮಾತಾಡಿಸಿ ಕರೆಯುತ್ತೇನೆ.