ಇಂಜಿನ್ ಆಯಿಲ್: 5ಡಬ್ಲ್ಯು-40 ಬಿಟ್ಟು 20ಡಬ್ಲ್ಯು-50 ಹಾಕಿಸಬಹುದಾ? (ಆಕ್ಟೇವಿಯಾ ಆರ್‌ಎಸ್, ಶಿವಮೊಗ್ಗ)

ಘಾಟಿ_ಸವಾರ:
ಗಾಡಿ 2017ರ ಆಕ್ಟೇವಿಯಾ ಆರ್‌ಎಸ್ 230, 2 ಲೀಟರ್ ಟರ್ಬೊ ಪೆಟ್ರೋಲ್. ರೀಮ್ಯಾಪ್ (ಪವರ್ ಏರಿಸೋಕೆ ಇಂಜಿನ್ ಸಾಫ್ಟ್‌ವೇರ್ ತಿದ್ದೋದು) ಮಾಡಿಸಿಲ್ಲ. ವಾರವಿಡೀ ಊರೊಳಗೆ ನಾಲ್ಕೈದು ಕಿ.ಮೀ. ಓಡಾಟ, ರಜೆ ಸಿಕ್ಕರೆ ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿ. ಗಾಡಿ ಪುಸ್ತಕದಲ್ಲಿ ಫೋಕ್ಸ್‌ವ್ಯಾಗನ್ 502 00 (ಕಂಪನಿಯ ಆಯಿಲ್ ಮಾನದಂಡ) ಅಂತಿದೆ, ಈಗ ಇರೋದು 5ಡಬ್ಲ್ಯು-40. ಗ್ಯಾರೇಜಿನವರು "ಘಾಟಿ ಹತ್ತೋ ಗಾಡಿ, 20ಡಬ್ಲ್ಯು-50 ಹಾಕ್ಸಿ, ಸೌಂಡೂ ಕಮ್ಮಿ ಆಗುತ್ತೆ" ಅಂತಾರೆ. ಇನ್ನೊಬ್ಬರು 5ಡಬ್ಲ್ಯು-30 ಸಾಕು ಅಂತಾರೆ. ಯಾರ ಮಾತು ಕೇಳೋದು? ಮಳೆಗಾಲಕ್ಕೆ ಬೇರೆ ಗ್ರೇಡ್ ಬೇಕಾ?

ಸ್ಪ್ಯಾನರ್_ಸಾಗರ:
20ಡಬ್ಲ್ಯು-50 ಬೇಡವೇ ಬೇಡ ಸರ್. ಸೌಂಡ್ ಕಮ್ಮಿ ಆಗೋದು ನಿಜ, ದಪ್ಪ ಆಯಿಲ್ ಟ್ಯಾಪೆಟ್ ಸದ್ದನ್ನ ಮುಚ್ಚುತ್ತೆ. ಅಷ್ಟಕ್ಕೇ ಸವೆತ ಕಮ್ಮಿಯಾಯ್ತು ಅಂತಲ್ಲ.

ಡಬ್ಲ್ಯು ಮುಂಚಿನ ಅಂಕಿ ಚಳಿಯಲ್ಲಿ ಸ್ಟಾರ್ಟ್ ಆಗೋದಕ್ಕೆ ಸಂಬಂಧಪಟ್ಟದ್ದು. 5ಡಬ್ಲ್ಯು ಪರೀಕ್ಷೆ ಮಾಡೋದು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯು ಮೈನಸ್ 15ರಲ್ಲಿ. ನಮ್ಮ ಮಲೆನಾಡಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಆದ್ರೂ ಆ ಅಂಕಿ ಲೆಕ್ಕಕ್ಕಿಲ್ಲ ಅನ್ಕೋಬೇಡಿ. ಡೇಟಾ ಶೀಟಲ್ಲಿ 40 ಡಿಗ್ರಿಯ ಸಾಲು ನೋಡಿ: 5ಡಬ್ಲ್ಯು-40 ಸಾಮಾನ್ಯವಾಗಿ 80-90 ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ದಪ್ಪ ಅನ್ನೋ ಅಳತೆ), 20ಡಬ್ಲ್ಯು-50 ಅದರ ಹೆಚ್ಚುಕಮ್ಮಿ ಎರಡರಷ್ಟು. ಬೆಳಿಗ್ಗೆ 18 ಡಿಗ್ರಿಯಲ್ಲಿ ಕೀ ತಿರುಗಿಸಿದಾಗ ಅಂತರ ಇನ್ನೂ ಜಾಸ್ತಿ. ಅಷ್ಟು ಮಂದ ಆಯಿಲನ್ನ ಫಿಲ್ಟರ್ ತಡೆದುಕೊಳ್ಳದೆ ಬೈಪಾಸ್ ವಾಲ್ವ್ ತೆರೆದುಕೊಳ್ಳಬಹುದು, ಆಗ ಸೋಸದ ಆಯಿಲ್ಲೇ ಬೇರಿಂಗಿಗೆ ಹೋಗುತ್ತೆ. ಈ ಇಂಜಿನ್ನಲ್ಲಿ ಕ್ಯಾಮ್ ಟೈಮಿಂಗ್ (ಇಂಜಿನ್ ವಾಲ್ವ್ ತೆರೆದು ಮುಚ್ಚೋ ಹೊತ್ತು) ಹಿಂದೆ ಮುಂದೆ ಮಾಡೋದೂ ಆಯಿಲ್ ಪ್ರೆಶರ್ರೇ, ಸಣ್ಣ ಸೊಲೆನಾಯ್ಡ್ ವಾಲ್ವ್ ಮೂಲಕ. ದಪ್ಪ ಆಯಿಲಿಗೆ ಅದು ತಡವಾಗಿ ಸ್ಪಂದಿಸಿದ್ರೆ ಚೆಕ್ ಇಂಜಿನ್ ಲೈಟ್ ಹತ್ತುತ್ತೆ.

ಇನ್ನು ಡಬ್ಲ್ಯು ಆಮೇಲಿನ ಅಂಕಿ, 30 ಮತ್ತು 40. ಅದು ಬಿಸಿಯಾದಾಗ ಆಯಿಲ್ ಎಷ್ಟು ದಪ್ಪ ಅನ್ನೋದು. 100 ಡಿಗ್ರಿಯಲ್ಲಿ 30 ಗ್ರೇಡ್ ಅಂದ್ರೆ 9.3ರಿಂದ 12.5, 40 ಅಂದ್ರೆ 12.5ರಿಂದ 16.3 ಸೆಂಟಿಸ್ಟೋಕ್ಸ್. ಘಾಟಿಗೆ ಇದಕ್ಕಿಂತ ಮುಖ್ಯ ಎಚ್‌ಟಿಎಚ್‌ಎಸ್, ಅಂದ್ರೆ 150 ಡಿಗ್ರಿ ಕಾವಲ್ಲಿ ಅರೆಯುವಾಗ ಆಯಿಲ್ ಪದರ ಎಷ್ಟು ಉಳಿಯುತ್ತೆ ಅನ್ನೋ ಅಳತೆ. 502 00 ಕೇಳೋದು ಕನಿಷ್ಠ 3.5 (ಮಿಲಿಪಾಸ್ಕಲ್-ಸೆಕೆಂಡ್). ಬರೀ 5ಡಬ್ಲ್ಯು-30 ಅಂತ ಬರೆದಿರೋ ಡಬ್ಬದಲ್ಲಿ ಅದು 2.9 ಇದ್ರೂ ನಡೆಯುತ್ತೆ. ಆದ್ರೆ ಫೋಕ್ಸ್‌ವ್ಯಾಗನ್ನಿನದೇ ಇನ್ನೊಂದು ಮಾನದಂಡ 504 00 ಅಪ್ರೂವಲ್ ಇರೋ 5ಡಬ್ಲ್ಯು-30ಗೂ ಕನಿಷ್ಠ 3.5 ಇದೆ. ಹಾಗಾಗಿ ಗ್ರೇಡ್ ಆಮೇಲೆ, ಮೊದಲು ಡಬ್ಬದ ಹಿಂದೆ ಅಪ್ರೂವಲ್ ನಂಬರ್ ನೋಡಿ. "ಅಪ್ರೂವ್ಡ್" ಬೇರೆ, "ಸೂಟಬಲ್ ಫಾರ್" ಬೇರೆ. ಎರಡನೆಯದು ಮಾರೋರ ಮಾತು.

ತುಂಗಾ_ಟರ್ಬೊ:
ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ. ಆದ್ರೆ ನಿಮ್ಮ ಗಾಡಿಗೆ ಘಾಟಿಗಿಂತ ಆ ನಾಲ್ಕೈದು ಕಿ.ಮೀ. ಓಡಾಟವೇ ಕಷ್ಟ ಮಾರಾಯ್ರೆ. ನೀರು ಬೇಗ ಕಾಯುತ್ತೆ, ಆಯಿಲ್ ಕಾಯೋಕೆ ಅದಕ್ಕಿಂತ ಹೊತ್ತು ಬೇಕು. ಮೀಟರಲ್ಲಿ ಆಯಿಲ್ ಟೆಂಪರೇಚರ್ ಪುಟ ಇದೆ, ನೋಡ್ತಿರಿ. 90 ದಾಟದೆ ಮನೆ ಸೇರಿದ್ರೆ ಒಳಗಿನ ತೇವವೂ ಆಯಿಲಿಗೆ ಇಳಿದ ಪೆಟ್ರೋಲೂ ಆರಲ್ಲ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನ ನೇರ ಸಿಲಿಂಡರ್ ಒಳಗೇ ಸಿಂಪಡಿಸೋ) ಟರ್ಬೊದಲ್ಲಿ ಪೆಟ್ರೋಲ್ ಇಳಿಯೋದು ಮಾಮೂಲು, 40 ಗ್ರೇಡ್ ಹಾಕಿದ್ದು ಕೆಲವು ತಿಂಗಳಲ್ಲೇ 30ರ ಹತ್ತಿರ ಬಂದಿರುತ್ತೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಮೂಗಿಗೆ ಹಿಡಿದ್ರೆ ಪೆಟ್ರೋಲ್ ವಾಸನೆ ಬರೋದು, ಮಟ್ಟ ತಾನಾಗೇ ಏರೋದು ಅದರ ಗುರುತು.

ಜೂನ್-ಜುಲೈಯಲ್ಲಿ ಆಯಿಲ್ ಕ್ಯಾಪ್ ಒಳಗೆ ಮಜ್ಜಿಗೆ ಬಣ್ಣದ ಲೋಳೆ ಕಂಡ್ರೆ ಹೆದರಬೇಡಿ. ಒರೆಸಿ, ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ, ಮತ್ತೆ ನೋಡಿ. ಲೋಳೆ ಡಿಪ್‌ಸ್ಟಿಕ್ಕಲ್ಲೂ ಇದ್ದು ಕೂಲಂಟ್ ಇಳೀತಾ ಇದ್ರೆ ಮಾತ್ರ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಕಡೆ ಅನುಮಾನ.

ಮಳೆಗೆ ಗ್ರೇಡ್ ಬದಲಿಸೋದು ಬೇಡ, ಅವಧಿ ಬದಲಿಸಿ. ಕಂಪನಿ ಹೇಳೋ 15,000 ಕಿ.ಮೀ. ಬದಲು 7,500ಕ್ಕೆ ತೆಗೆಸಿ. ಅಷ್ಟು ಓಡದಿದ್ರೂ ಮಳೆ ನಿಂತ ಮೇಲೆ, ದೀಪಾವಳಿ ಹೊತ್ತಿಗೆ ಒಂದ್ಸಲ.

ಘಾಟಿ_ಸವಾರ:
ಗೊತ್ತಾಯ್ತು, 5ಡಬ್ಲ್ಯು-40ನೇ ಇರಲಿ. ಎಷ್ಟು ಲೀಟರ್ ತರಲಿ? 5ಡಬ್ಲ್ಯು-50 ಬಗ್ಗೆ ಏನಂತೀರಿ?

ಸ್ಪ್ಯಾನರ್_ಸಾಗರ:
ಫಿಲ್ಟರ್ ಸಮೇತ 5.7 ಲೀಟರ್. ಐದರ ಕ್ಯಾನ್ ಒಂದು, ಒಂದು ಲೀಟರಿನ ಡಬ್ಬ ಒಂದು ತನ್ನಿ. ಇಂಜಿನ್ ಬಿಸಿ ಮಾಡಿ, ಫಿಲ್ಟರ್ ಕ್ಯಾಪ್ ಸಡಿಲಿಸಿ, ಹಳೆ ಆಯಿಲನ್ನ ಹದಿನೈದು ನಿಮಿಷ ಕೆಳಗಿಂದ ಸುರಿಯೋಕೆ ಬಿಡಿ. ಕ್ಯಾಪಿನ ಓ-ರಿಂಗ್ ಹೊಸದೇ ಇರಲಿ, ಹೊಸ ಆಯಿಲ್ ಸವರಿ ಕೂರಿಸಿ. ಐದೂಕಾಲು ಲೀಟರ್ ಹಾಕಿ, ಒಂದೆರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅಳೆದು, ಉಳಿದದ್ದನ್ನ ಚೂರುಚೂರೇ ಸೇರಿಸಿ. ಗಾಡಿ ಸಮತಟ್ಟಾದ ಜಾಗದಲ್ಲೇ ಇರಬೇಕು. ನಮ್ಮ ಕಡೆ ಮನೆ ಅಂಗಳ ಅರ್ಧಕ್ಕರ್ಧ ಇಳಿಜಾರು, ಅಲ್ಲಿ ಅಳೆದ್ರೆ ಲೆಕ್ಕ ತಪ್ಪುತ್ತೆ. ಮ್ಯಾಕ್ಸ್ ಗೆರೆ ದಾಟಿಸಬೇಡಿ, ಹೆಚ್ಚಾದ ಆಯಿಲ್ ನೊರೆಯೆದ್ದು ಬ್ರೀದರ್ (ಇಂಜಿನ್ ಒಳಗಿನ ಆವಿ ಹೊರಹೋಗೋ ದಾರಿ) ಮೂಲಕ ಗಾಳಿ ಎಳೆಯೋ ಇಂಟೇಕ್ ಸೇರುತ್ತೆ.

5ಡಬ್ಲ್ಯು-50 ಟ್ರ್ಯಾಕಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆದು ಆಯಿಲ್ 130ರ ಮೇಲೇ ನಿಲ್ಲೋ ಗಾಡಿಗೆ. ಆಗುಂಬೆಯ 14 ತಿರುವು ಹತ್ತೋಕೆ ಅದು ಬೇಕಿಲ್ಲ.