ಸಹಿ ಅಟಾರ್ನಿ ಜನರಲ್‌ದು, ಬರಹ ಬೇರೆಯವರದ್ದು: ಹೀಗೂ ನಡೆಯುತ್ತಾ?

ಬಿಡಿಹೂ:

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ನಾವು ಒಟ್ಟು ಒಂಬತ್ತು ಜನ. ಜನ ತಮ್ಮ ವಿಡಿಯೋ, ಫೈಲ್ ಹಾಕಿ ಬೇರೆಯವರ ಜೊತೆ ಹಂಚಿಕೊಳ್ಳುವ ಸೇವೆ ನಮ್ಮದು. ಹೋದ ತಿಂಗಳು ಒಂದು ರಾಜ್ಯದ ಅಟಾರ್ನಿ ಜನರಲ್, ಅಂದರೆ ಆ ರಾಜ್ಯ ಸರ್ಕಾರದ ಮುಖ್ಯ ವಕೀಲರ, ಕಚೇರಿಯಿಂದ ನಾಲ್ಕು ಪುಟದ ಪತ್ರ ಬಂತು. ಕದ್ದ ಸಿನಿಮಾ, ಕದ್ದ ಸಾಫ್ಟ್‌ವೇರ್ ತಡೆಯಲು ಏನು ಮಾಡುತ್ತಿದ್ದೀರಿ, ಮೂವತ್ತು ದಿನದೊಳಗೆ ತಿಳಿಸಿ ಅಂತ.

ಕೇಳಿದ್ದು ತಪ್ಪಲ್ಲ. ಅಂಥ ಫೈಲ್‌ಗಳು ನಮ್ಮಲ್ಲೂ ಬರುತ್ತವೆ, ದೂರು ಬಂದರೆ ತೆಗೆಯುತ್ತೇವೆ. ನನ್ನನ್ನು ಕಾಡುತ್ತಿರುವುದು ಬೇರೆ. ಮೂರನೇ ಪುಟದಲ್ಲಿ ಒಂದು ವಾಕ್ಯದ ಕೊನೆಗೆ ಸಣ್ಣ ಅಕ್ಷರದಲ್ಲಿ, ಸ್ವಲ್ಪ ಮೇಲಕ್ಕೆ, 14 ಎಂದು ಇದೆ. ಅಡಿಟಿಪ್ಪಣಿಯ ಸಂಖ್ಯೆ. ಆದರೆ ಇಡೀ ಪತ್ರದಲ್ಲಿ ಅಡಿಟಿಪ್ಪಣಿಯೇ ಇಲ್ಲ. 1ರಿಂದ 13ರ ತನಕದವು ಎಲ್ಲಿ ಹೋದವು? ಆ ವಾಕ್ಯವನ್ನು ಹಾಗೇ ನೆಟ್‌ನಲ್ಲಿ ಹುಡುಕಿದೆ. ಒಂದು ಉದ್ಯಮ ಸಂಘದ ವರದಿ ಸಿಕ್ಕಿತು. ಅದೇ ವಾಕ್ಯ, ಅದೇ ಜಾಗದಲ್ಲಿ ಅಲ್ಪವಿರಾಮ, ಕೊನೆಗೆ ಅದೇ 14.

ಸರ್ಕಾರದ ಲೆಟರ್‌ಹೆಡ್ ಮೇಲೆ ಖಾಸಗಿಯವರ ಬರಹ ಬರೋದು ಮಾಮೂಲಾ? ಕಾನೂನು ಇದನ್ನು ಒಪ್ಪುತ್ತಾ? ಹಾಲಿವುಡ್ ಮತ್ತು ಗೂಗಲ್ ನಡುವೆ ಹಿಂದೆ ಹೀಗೇ ಏನೋ ಆಗಿತ್ತು ಎಂದು ಸಹೋದ್ಯೋಗಿ ಹೇಳಿದರು. ಗೊತ್ತಿರುವವರು ದಯವಿಟ್ಟು ಹೇಳಿ. ಆ 14 ನೋಡಿದ ಮೇಲೆ ಸರಿಯಾಗಿ ನಿದ್ದೆ ಬಂದಿಲ್ಲ.

ಹಳೇಕಡತ:

ನಮಸ್ಕಾರ ಮೇಡಂ. ನಾನು ಹನ್ನೊಂದು ವರ್ಷ ಅಮೆರಿಕದ ವಕೀಲರ ಕಚೇರಿಗಳಲ್ಲಿ ದಾಖಲೆ ಓದುವ ಕೆಲಸ ಮಾಡಿದವನು. ಮೊಕದ್ದಮೆಗೆ ಬಂದ ಇಮೇಲ್, ಪತ್ರ, ಕರಡು ಎಲ್ಲವನ್ನೂ ಒಂದೊಂದಾಗಿ ತೆರೆದು ನೋಡುವುದು. ಫೈಲ್ ತೆರೆದ ಕೂಡಲೇ ನಾನು ಒಳಗಿನ ಬರಹ ಓದುತ್ತಿರಲಿಲ್ಲ. ಮೊದಲು ಅದರ ಪ್ರಾಪರ್ಟೀಸ್ ನೋಡುತ್ತಿದ್ದೆ. ಯಾರ ಕಂಪ್ಯೂಟರ್‌ನಲ್ಲಿ ಹುಟ್ಟಿದ್ದು, ಯಾವತ್ತು, ಕೊನೆಗೆ ಯಾರು ಕೈಯಾಡಿಸಿದ್ದು. ಪತ್ರದ ತಲೆಯಲ್ಲಿ ಒಬ್ಬರ ಹೆಸರು, ಫೈಲ್ ಹುಟ್ಟಿದ ಜಾಗದಲ್ಲಿ ಇನ್ನೊಬ್ಬರ ಹೆಸರು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಿಮಗೆ ಸಿಕ್ಕ 14 ಅಂಥದ್ದೇ ಗುರುತು. ಪಠ್ಯವನ್ನು ಎತ್ತಿ ತಂದವರು ಅದನ್ನು ಅಳಿಸಲು ಮರೆತಿದ್ದಾರೆ ಅಷ್ಟೆ.

ನಿಮ್ಮ ಸಹೋದ್ಯೋಗಿ ಹೇಳಿದ್ದು ಮಿಸಿಸಿಪ್ಪಿ ರಾಜ್ಯದ ಪ್ರಕರಣ. ಅಲ್ಲಿನ ಅಟಾರ್ನಿ ಜನರಲ್ ಆಗ ಜಿಮ್ ಹುಡ್. 2013ರ ಕೊನೆಗೆ ಅವರು ಗೂಗಲ್‌ಗೆ ಒಂದು ಖಾರವಾದ ಪತ್ರ ಬರೆದರು. ಅದನ್ನು ಬಹುಪಾಲು ಬರೆದದ್ದು ಜೆನ್ನರ್ ಅಂಡ್ ಬ್ಲಾಕ್ ಎಂಬ ವಕೀಲರ ಸಂಸ್ಥೆ, ಅಂದರೆ ಹಾಲಿವುಡ್ ಸ್ಟುಡಿಯೋಗಳ ಸಂಘವಾದ ಎಂಪಿಎಎ ಪರ ಕೆಲಸ ಮಾಡುತ್ತಿದ್ದವರು, ಎಂದು 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಆ ಕೆಲಸದ ಮುಂದಾಳು ಟಾಮ್ ಪೆರೆಲ್ಲಿ, ಒಬಾಮಾ ಕಾಲದಲ್ಲಿ ಕೇಂದ್ರ ನ್ಯಾಯ ಇಲಾಖೆಯ ದೊಡ್ಡ ಹುದ್ದೆಯಲ್ಲಿದ್ದವರು.

ಇದು ಹೊರಬಿದ್ದ ಹೊತ್ತಿಗೇ ಇನ್ನೊಂದು ಬಾಗಿಲು ತೆರೆದಿತ್ತು. 2014ರ ನವೆಂಬರ್ ಕೊನೆಯಲ್ಲಿ ಸೋನಿ ಪಿಕ್ಚರ್ಸ್ ಹ್ಯಾಕ್ ಆಯಿತಲ್ಲ, ಅದರ ಇಮೇಲ್‌ಗಳಲ್ಲಿ ಸ್ಟುಡಿಯೋಗಳ ವಕೀಲರು 'ಗೋಲಿಯತ್' ಎಂಬ ಹೆಸರಿನ ಬಗ್ಗೆ ಮತ್ತೆ ಮತ್ತೆ ಮಾತಾಡಿಕೊಂಡಿದ್ದರು. ಬೈಬಲ್‌ನ ಆ ದೈತ್ಯನ ಹೆಸರು ಗೂಗಲ್‌ಗೆ ಇಟ್ಟ ಗುಪ್ತನಾಮ. ಅದನ್ನು ಮಣಿಸಲು ರಾಜ್ಯಗಳ ಅಟಾರ್ನಿ ಜನರಲ್‌ಗಳನ್ನು ಮುಂದಿಡುವ ಯೋಜನೆಗೆ ಹಣ ತೆಗೆದಿಟ್ಟಿದ್ದರು.

ರಾಜ್ಯಗಳೇ ಯಾಕೆ? ನನಗೆ ಇದು ಮುಖ್ಯವಾದ ಜಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೇಂದ್ರದ ಬಾಗಿಲು ಆಗಲೇ ಮುಚ್ಚಿತ್ತು. ಪೈರಸಿ ತಡೆಯಲೆಂದು ಸ್ಟುಡಿಯೋಗಳು ಬಯಸಿದ್ದ ಸೋಪಾ ಮಸೂದೆ 2012ರ ಜನವರಿಯಲ್ಲಿ ಬಿದ್ದುಹೋಯಿತು. ಅದನ್ನು ವಿರೋಧಿಸಿ ಜನವರಿ 18ಕ್ಕೆ ಇಂಗ್ಲಿಷ್ ವಿಕಿಪೀಡಿಯ ಒಂದು ದಿನ ಪೂರ್ತಿ ಕಪ್ಪಾಗಿ ಕೂತಿತ್ತು, ನೆನಪಿರಬಹುದು. ಎರಡೇ ದಿನದಲ್ಲಿ ಮಸೂದೆಯನ್ನು ಪಕ್ಕಕ್ಕೆ ಇಟ್ಟರು. ಇನ್ನು ಕಾಪಿರೈಟ್ ಅನ್ನುವುದು ಕೇಂದ್ರದ ಕಾನೂನು, ರಾಜ್ಯಕ್ಕೆ ಅದರಲ್ಲಿ ಕೈಯಿಲ್ಲ. ಬಳಕೆದಾರರು ಹಾಕಿದ್ದಕ್ಕೆ ವೆಬ್‌ಸೈಟನ್ನು ಹೊಣೆ ಮಾಡಬಾರದು ಎಂದು 1996ರ ಕಾನೂನಿನ 230ನೇ ಸೆಕ್ಷನ್ ಬೇರೆ ಅಡ್ಡ ನಿಂತಿದೆ. ಉಳಿದದ್ದು ಒಂದೇ ದಾರಿ, ರಾಜ್ಯದ ಗ್ರಾಹಕ ರಕ್ಷಣೆ ಕಾನೂನು. ಹಾಗಾಗಿ ಪತ್ರಗಳಲ್ಲಿ ಸಿನಿಮಾ ಕಳ್ಳತನದ ಜೊತೆಗೆ ವೈದ್ಯರ ಚೀಟಿಯಿಲ್ಲದೆ ಮಾರುವ ಮಾತ್ರೆ, ನಕಲಿ ಗುರುತಿನ ಚೀಟಿ ಎಲ್ಲವೂ ಬಂದವು.

ಅಟಾರ್ನಿ ಜನರಲ್ ಕೈಯಲ್ಲಿರುವ ಅಸ್ತ್ರ ಸಣ್ಣದಲ್ಲ. 2014ರ ಅಕ್ಟೋಬರ್‌ನಲ್ಲಿ ಹುಡ್ ಕಳಿಸಿದ ಸಬ್‌ಪೀನಾ 79 ಪುಟ ಇತ್ತು. ಸಬ್‌ಪೀನಾ ಅಂದರೆ ದಾಖಲೆ ಒಪ್ಪಿಸಿ ಎನ್ನುವ ಆದೇಶ. 79 ಪುಟ ಅಂದರೆ ಏನು ಅನ್ನೋದು ಆ ಕೆಲಸ ಮಾಡಿದವರಿಗೆ ಗೊತ್ತು. ಮೊದಲ ದಿನವೇ ಎಲ್ಲರಿಗೂ ಏನನ್ನೂ ಅಳಿಸಬೇಡಿ ಎಂಬ ಇಮೇಲ್ ಹೋಗುತ್ತದೆ. ಆಮೇಲೆ ಒಂದೊಂದು ಪ್ರಶ್ನೆಗೂ ಹತ್ತಾರು ಜನರ ಮೇಲ್‌ಬಾಕ್ಸ್ ತೆಗೆದು, ನನ್ನಂಥವರು ಸಾಲಾಗಿ ಕೂತು ತಿಂಗಳುಗಟ್ಟಲೆ ಓದುತ್ತಾರೆ. ಗೂಗಲ್ ಅದನ್ನು ತಡೆದುಕೊಳ್ಳುತ್ತದೆ. ಒಂಬತ್ತು ಜನರ ಕಂಪನಿ ಏನು ಮಾಡಬೇಕು ಹೇಳಿ?

ಗೂಗಲ್ 2014ರ ಡಿಸೆಂಬರ್ 19ಕ್ಕೆ ನೇರವಾಗಿ ಹುಡ್ ಮೇಲೆಯೇ ಕೇಂದ್ರ ನ್ಯಾಯಾಲಯದಲ್ಲಿ ದಾವೆ ಹಾಕಿತು. ನ್ಯಾಯಾಧೀಶ ಹೆನ್ರಿ ವಿಂಗೇಟ್ 2015ರ ಮಾರ್ಚ್‌ನಲ್ಲಿ ತಡೆ ಕೊಟ್ಟರು. ಮಾತಿನ ಸ್ವಾತಂತ್ರ್ಯಕ್ಕೆ ಪೆಟ್ಟು ಬೀಳುವ ಸಾಧ್ಯತೆ ಕಾಣುತ್ತದೆ ಎಂದರು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಮೇಲಿನ ನ್ಯಾಯಾಲಯ ಆ ತಡೆ ತೆಗೆಯಿತು. ಕಾರಣ ಹುಡ್ ಮಾಡಿದ್ದು ಸರಿ ಅಂತಲ್ಲ. ರಾಜ್ಯ ನ್ಯಾಯಾಲಯಕ್ಕೆ ಹೋಗಿ ಜಾರಿ ಮಾಡಿಸುವ ತನಕ ಸಬ್‌ಪೀನಾಗೆ ತನ್ನಷ್ಟಕ್ಕೆ ಬಲವಿಲ್ಲ, ಆದ್ದರಿಂದ ಗೂಗಲ್ ಇನ್ನೂ ಬೇಗ ಬಂದಿದೆ ಎಂದರು. ಕೊನೆಗೆ ಹುಡ್ ಸಬ್‌ಪೀನಾ ವಾಪಸ್ ತೆಗೆದುಕೊಂಡರು.

ನೇರಮಾತು:

ಹಳೇಕಡತ ಸರ್, ವಿವರ ಚೆನ್ನಾಗಿದೆ. ಆದರೆ ಒಂದು ಪಕ್ಕ ಜಾಸ್ತಿ ವಾಲಿದೆ ಅನ್ನಿಸಿತು. ಕೆನಡಾದ ಔಷಧಿ ಅಂಗಡಿಗಳ ಕಾನೂನುಬಾಹಿರ ಜಾಹೀರಾತು ಹಾಕಿಸಿಕೊಂಡಿದ್ದಕ್ಕೆ 2011ರಲ್ಲಿ ಇದೇ ಗೂಗಲ್ ಕೇಂದ್ರ ಸರ್ಕಾರಕ್ಕೆ 50 ಕೋಟಿ ಡಾಲರ್ ಕಟ್ಟಿತು. ಹುಡ್‌ಗೆ ಅನುಮಾನ ಬಂದಿದ್ದು ಸುಮ್ನೆ ಅಲ್ಲ.

ತಂಬಾಕು ಪ್ರಕರಣವನ್ನೂ ನೆನಪಿಸಿಕೊಳ್ಳಿ. ಹುಡ್‌ಗಿಂತ ಮುಂಚೆ ಅದೇ ಕುರ್ಚಿಯಲ್ಲಿದ್ದ ಮೈಕ್ ಮೂರ್ 1994ರಲ್ಲಿ ತಂಬಾಕು ಕಂಪನಿಗಳ ಮೇಲೆ ದಾವೆ ಹೂಡಿದ ಮೊದಲ ಅಟಾರ್ನಿ ಜನರಲ್. ಖಾಸಗಿ ವಕೀಲರನ್ನು ಜೊತೆಗಿಟ್ಟುಕೊಂಡೇ ಮಾಡಿದ್ದು. 1998ರಲ್ಲಿ 46 ರಾಜ್ಯಗಳ ಜೊತೆ ಆ ಕಂಪನಿಗಳು 25 ವರ್ಷಕ್ಕೆ 206 ಶತಕೋಟಿ ಡಾಲರ್ ಕೊಡುವ ಒಪ್ಪಂದ ಮಾಡಿಕೊಂಡವು. ಹೊರಗಿನವರ ನೆರವಿಲ್ಲದೆ ಒಂದು ಬಡ ರಾಜ್ಯಕ್ಕೆ ಅಂಥವರ ಎದುರು ನಿಲ್ಲಲು ಆಗುತ್ತಿತ್ತಾ?

ಹಳೇಕಡತ:

ಒಪ್ಪುತ್ತೇನೆ. ಗೂಗಲ್‌ನ ತಪ್ಪು ಮುಚ್ಚಿಡುವ ಆಸೆ ನನಗಿಲ್ಲ. ತಂಬಾಕಿನ ಉದಾಹರಣೆ ತಂದಿದ್ದು ಒಳ್ಳೆಯದೇ ಆಯಿತು. ಆ ಮೈಕ್ ಮೂರ್ ಇದೇ ಗೂಗಲ್ ಕಥೆಯಲ್ಲೂ ಇದ್ದರು. ಡಿಜಿಟಲ್ ಸಿಟಿಜನ್ಸ್ ಅಲಯನ್ಸ್ ಎಂಬ ಗುಂಪಿನ ಪರ ಹಣ ಪಡೆದು ಕೆಲಸ ಮಾಡುತ್ತಿದ್ದರು. ಹೆಸರು ಕೇಳಿದರೆ ನಾಗರಿಕರ ಕೂಟ ಅನ್ನಿಸುತ್ತದೆ, ಅದಕ್ಕೆ ಹಣ ಎಂಪಿಎಎಯಿಂದ ಬರುತ್ತಿತ್ತು. ಹುಡ್ ಅವರಿಗೆ ಹತ್ತಿರದವರು. ಒಬ್ಬ ಮನುಷ್ಯ, ಎರಡು ಹೋರಾಟ. ಮೊದಲನೆಯದರಲ್ಲಿ ಖಾಸಗಿ ವಕೀಲರನ್ನು ರಾಜ್ಯವೇ ನೇಮಿಸಿಕೊಂಡಿತ್ತು. ಅವರು ಯಾರು ಅಂತ ನ್ಯಾಯಾಲಯಕ್ಕೆ, ಎದುರಿನವರಿಗೆ, ಪತ್ರಿಕೆಗಳಿಗೆ ಎಲ್ಲರಿಗೂ ಗೊತ್ತಿತ್ತು. ಅವರ ಕಕ್ಷಿದಾರ ರಾಜ್ಯ. ಎರಡನೆಯದರಲ್ಲಿ ಬರೆದ ವಕೀಲರ ಕಕ್ಷಿದಾರ ಸ್ಟುಡಿಯೋಗಳು, ಸಹಿ ಮಾತ್ರ ಮಿಸಿಸಿಪ್ಪಿ ಜನರ ಹೆಸರಲ್ಲಿ. ಪತ್ರ ಓದಿದವರಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ.

ದೂರು ಕೊಡುವುದು, ಮನವಿ ಮಾಡುವುದು ಸಂವಿಧಾನವೇ ಕೊಟ್ಟ ಹಕ್ಕು. ಸ್ಟುಡಿಯೋಗೂ ಇದೆ, ಕದ್ದ ಸಿನಿಮಾದಿಂದ ಸಂಬಳ ಕಳೆದುಕೊಂಡ ಎಡಿಟರ್‌ಗೂ ಇದೆ. ನಮ್ಮ ಹತ್ತಿರ ಈ ಪುರಾವೆ ಇದೆ, ನೋಡಿ ಎಂದು ಅವರದೇ ಲೆಟರ್‌ಹೆಡ್‌ನಲ್ಲಿ ಬರೆಯಲಿ. ಓದಿದ ಮೇಲೆ ಪ್ರಶ್ನೆ ಬರೆಯಬೇಕಾದವರು ಅಟಾರ್ನಿ ಜನರಲ್ ಕಚೇರಿಯ ನೌಕರರು. ಅವರಿಗೆ ಸಂಬಳ ಕೊಡೋದು ಜನ. 43 ರಾಜ್ಯಗಳಲ್ಲಿ ಈ ಹುದ್ದೆಗೆ ಜನರೇ ಮತ ಹಾಕಿ ಆರಿಸುತ್ತಾರೆ. ಆರಿಸಿದ ಮೇಲೆ ಲೇಖನಿ ಬೇರೆಯವರ ಕೈಗೆ ಹೋದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇದು ಒಂದು ಪಕ್ಷದ ಕಥೆಯೂ ಅಲ್ಲ. ಹುಡ್ ಡೆಮಾಕ್ರಟ್. ಒಕ್ಲಹೋಮಾದ ಸ್ಕಾಟ್ ಪ್ರೂಯಿಟ್ ರಿಪಬ್ಲಿಕನ್. ಪ್ರೂಯಿಟ್ 2011ರಲ್ಲಿ ಕೇಂದ್ರದ ಪರಿಸರ ಇಲಾಖೆಗೆ ಕಳಿಸಿದ ಪತ್ರವನ್ನು ಬರೆದುಕೊಟ್ಟದ್ದು ಡೆವನ್ ಎನರ್ಜಿ ಎಂಬ ಅನಿಲ ಕಂಪನಿಯ ವಕೀಲರು. ಅಲ್ಲೊಂದು ಇಲ್ಲೊಂದು ಪದ ಬದಲಾಗಿತ್ತು ಅಷ್ಟೆ. ಅದೇ ಪ್ರೂಯಿಟ್ 2017ರಲ್ಲಿ ಆ ಪರಿಸರ ಇಲಾಖೆಗೇ ಮುಖ್ಯಸ್ಥರಾದರು. ಇಂಥ ನಂಟುಗಳನ್ನೆಲ್ಲ ಬಯಲಿಗೆ ತಂದವರು ಎರಿಕ್ ಲಿಪ್ಟನ್ ಎಂಬ ವರದಿಗಾರ. ಅದಕ್ಕೆ 2015ರಲ್ಲಿ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂತು. ರಾಜ್ಯಗಳ ಮಾಹಿತಿ ಕಾನೂನಿನಡಿ ಅರ್ಜಿ ಹಾಕಿ, ಕಚೇರಿ ಕಚೇರಿಯ ಇಮೇಲ್ ತರಿಸಿ ಓದಿದರು. ಆ ಓದು ಎಷ್ಟು ಬೇಸರದ ಕೆಲಸ ಅಂತ ನನಗೆ ಗೊತ್ತು, ಅದಕ್ಕೇ ಅವರ ಮೇಲೆ ಗೌರವ ಜಾಸ್ತಿ.

ಓದುಗಾರ್ತಿ:

ಒಂದು ಮಾತು ಸೇರಿಸಲಾ? ಟೆಕ್ ಕಂಪನಿಗಳೂ ಇದೇ ದಾರಿ ಹಿಡಿಯುತ್ತವೆ. ಟಿಕ್‌ಟಾಕ್ ಬಗ್ಗೆ ಜನರಲ್ಲಿ ಕೆಟ್ಟ ಅಭಿಪ್ರಾಯ ಹುಟ್ಟಿಸಲು ಮೆಟಾ, ಅಂದರೆ ಫೇಸ್‌ಬುಕ್‌ನವರು, ಟಾರ್ಗೆಟೆಡ್ ವಿಕ್ಟರಿ ಎಂಬ ಸಂಸ್ಥೆಗೆ ಹಣ ಕೊಟ್ಟಿದ್ದರು ಎಂದು 2022ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಬರೆದಿತ್ತು. ಊರೂರಿನ ಪತ್ರಿಕೆಗಳಲ್ಲಿ ಲೇಖನ, ಓದುಗರ ಪತ್ರ ಬರುವಂತೆ ನೋಡಿಕೊಂಡಿದ್ದರು. ಓದಿದ ಅಪ್ಪ ಅಮ್ಮಂದಿರಿಗೆ ಹಿಂದೆ ಯಾರಿದ್ದಾರೆ ಅಂತ ಗೊತ್ತಿರಲಿಲ್ಲ. ಅದಾದ ಮರುವರ್ಷವೇ, 2023ರ ಅಕ್ಟೋಬರ್‌ನಲ್ಲಿ, ಮಕ್ಕಳಿಗೆ ಆಗುತ್ತಿರುವ ಹಾನಿಯ ವಿಷಯದಲ್ಲಿ 33 ರಾಜ್ಯಗಳು ಒಟ್ಟಾಗಿ ಮೆಟಾ ಮೇಲೆಯೇ ದಾವೆ ಹಾಕಿದವು. ನನಗೆ ಇಬ್ಬರು ಮಕ್ಕಳು, ಆ ದಾವೆ ನನಗೆ ಬೇಕು. ಅದಕ್ಕೇ ಈ ಕಚೇರಿಗಳ ಮೇಲಿನ ನಂಬಿಕೆ ಕೆಡಬಾರದು ಅನ್ನೋದು ನನ್ನ ಆಸೆ. ಒಂದು ಪತ್ರ ಬಾಡಿಗೆಯದು ಅಂತ ಗೊತ್ತಾದರೆ ಮುಂದಿನ ನಿಜವಾದ ಪತ್ರವನ್ನೂ ಜನ ಅನುಮಾನದಿಂದ ನೋಡುತ್ತಾರೆ ಅಲ್ವಾ?

ಬಿಡಿಹೂ:

ಎಲ್ಲರಿಗೂ ತುಂಬಾ ಧನ್ಯವಾದ. ನಮ್ಮ ಬಾಸ್‌ಗೆ ಇದನ್ನೆಲ್ಲ ಹೇಳಿದೆ. ಆ 14ರ ಫೋಟೋ ತೆಗೆದು ನೆಟ್‌ನಲ್ಲಿ ಹಾಕಿಬಿಡೋಣ, ಮಾನ ಹೋಗಲಿ ಎನ್ನುತ್ತಿದ್ದಾರೆ. ಹಳೇಕಡತ ಸರ್, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಇನ್ನು ಹನ್ನೆರಡು ದಿನ ಇದೆ.

ಹಳೇಕಡತ:

ಫೋಟೋ ಹಾಕಬೇಡಿ, ಈಗಲೇ ಬೇಡ. ನಾನು ವಕೀಲನಲ್ಲ, ಆದ್ದರಿಂದ ಮೊದಲು ಒಬ್ಬ ವಕೀಲರಿಗೆ ಪತ್ರ ತೋರಿಸಿ. ಅದು ಬರೀ ಪತ್ರವೋ, ಸಬ್‌ಪೀನಾ ಥರದ ಆದೇಶವೋ ಅವರು ನೋಡಿ ಹೇಳುತ್ತಾರೆ. ಎರಡಕ್ಕೂ ಅಜಗಜಾಂತರ. ಅಲ್ಲಿಯತನಕ ಒಂದೇ ಒಂದು ಇಮೇಲ್ ಕೂಡ ಅಳಿಸಬೇಡಿ ಎಂದು ಒಂಬತ್ತೂ ಜನರಿಗೆ ಬರಹದಲ್ಲಿ ಹೇಳಿ. ಇಷ್ಟು ವರ್ಷದಲ್ಲಿ ನಾನು ನೋಡಿದ ಹಾಗೆ, ತಪ್ಪು ಮಾಡದ ಕಂಪನಿಗಳೂ ಗಾಬರಿಯಲ್ಲಿ ಏನೋ ಅಳಿಸಿ ಸಿಕ್ಕಿಬಿದ್ದಿವೆ.

ಪತ್ರಕ್ಕೆ ಉತ್ತರ ಕೊಡಿ, ಮರ್ಯಾದೆಯಿಂದಲೇ ಕೊಡಿ. ದೂರು ಬಂದಾಗ ಎಷ್ಟು ಗಂಟೆಯಲ್ಲಿ ಫೈಲ್ ತೆಗೆಯುತ್ತೀರಿ, ಯಾರು ತೆಗೆಯುತ್ತಾರೆ, ಅದನ್ನೆಲ್ಲ ಬರೆಯಿರಿ. ಅದೇ ಉತ್ತರದಲ್ಲಿ, ಮೂರನೇ ಪುಟದ ಈ ವಾಕ್ಯಕ್ಕೆ 14ನೇ ಅಡಿಟಿಪ್ಪಣಿಯ ಗುರುತು ಇದೆ, ಟಿಪ್ಪಣಿ ನಮಗೆ ತಲುಪಿಲ್ಲ, ದಯವಿಟ್ಟು ಕಳಿಸಿಕೊಡಿ ಎಂದು ಕೇಳಬಹುದಾ ಅಂತ ನಿಮ್ಮ ವಕೀಲರನ್ನು ವಿಚಾರಿಸಿ. ಯಾರ ಮೇಲೂ ಆರೋಪ ಇಲ್ಲ, ಕಾಣೆಯಾದ ಕಾಗದ ಕೇಳಿದ್ದು ಅಷ್ಟೆ. ಆ ಪ್ರಶ್ನೆ ಅವರ ಕಡತದಲ್ಲಿ ಕೂರುತ್ತದೆ.

ಬೇರೆಯಾಗಿ, ಆ ರಾಜ್ಯದ ಮಾಹಿತಿ ಕಾನೂನಿನಡಿ ಒಂದು ಅರ್ಜಿ ಹಾಕಿಸಿ. ಉದ್ಯಮ ಸಂಘಕ್ಕೂ ಕಚೇರಿಗೂ ನಡುವೆ ಓಡಾಡಿದ ಇಮೇಲ್ ಮತ್ತು ಕರಡುಗಳು ಬೇಕು ಅಂತ. ಫೈಲ್‌ಗಳನ್ನು ಮುದ್ರಿಸಿ ಕೊಡಬೇಡಿ, ಮೂಲ ಫೈಲ್ ರೂಪದಲ್ಲೇ ಕೊಡಿ ಎಂದು ಕೇಳುವುದನ್ನು ಮರೆಯಬೇಡಿ. ಪ್ರಿಂಟ್ ತೆಗೆದ ಕಾಗದಕ್ಕೆ ಪ್ರಾಪರ್ಟೀಸ್ ಇರುವುದಿಲ್ಲ. ತನಿಖೆ ನಡೆಯುತ್ತಿದೆ ಎಂದು ಅವರು ನಿರಾಕರಿಸಬಹುದು, ಅದಕ್ಕೂ ಸಿದ್ಧರಿರಿ. ಕೆಲವು ರಾಜ್ಯಗಳು ತಮ್ಮ ನಿವಾಸಿಗಳಿಗೆ ಮಾತ್ರ ಕೊಡುತ್ತವೆ. ಅದು ತಪ್ಪಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿದ್ದರೆ ಆ ರಾಜ್ಯದಲ್ಲೇ ಇರುವ ಪತ್ರಕರ್ತರು ಅಥವಾ ನಿಮ್ಮ ಬಳಕೆದಾರರು ಯಾರಾದರೂ ಹಾಕಬಹುದು.

ಬಂದ ಲಕೋಟೆಯನ್ನೂ ಇಟ್ಟುಕೊಂಡಿದ್ದೀರಿ ತಾನೆ?

ಬಿಡಿಹೂ:

ಇಟ್ಟಿದ್ದೇನೆ ಸರ್. ಪತ್ರದ ಜೊತೆಗೇ ಕ್ಲಿಪ್ ಹಾಕಿ ಇಟ್ಟಿದ್ದೇನೆ. ಸೋಮವಾರ ಬೆಳಿಗ್ಗೆ ವಕೀಲರ ಹತ್ತಿರ ಸಮಯ ಸಿಕ್ಕಿದೆ. ಬಾಸ್ ಫೋಟೋ ಹಾಕುವುದಿಲ್ಲ ಎಂದು ಒಪ್ಪಿದರು. ಏನನ್ನೂ ಅಳಿಸಬೇಡಿ ಎಂಬ ಇಮೇಲ್ ಈಗಷ್ಟೇ ಎಲ್ಲರಿಗೂ ಕಳಿಸಿದೆ.