ಕೀಪ್ಯಾಡ್ ಫೋನಿನಿಂದ ಬ್ಲೂಟೂತ್ ಮೂಲಕ ಕಳಿಸಿದ ರೆಕಾರ್ಡಿಂಗ್‌ಗಳು ಆಂಡ್ರಾಯ್ಡ್ ಫೋನಿಗೆ ಬರುತ್ತಿಲ್ಲ

ಪ್ರಶ್ನೆ:
ನಮ್ಮ ಅಜ್ಜಿ ಹಾಡಿದ ಸೋಬಾನೆ ಪದಗಳನ್ನು ಹಲವು ವರ್ಷಗಳ ಹಿಂದೆ ಕೀಪ್ಯಾಡ್ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಒಟ್ಟು ಹನ್ನೆರಡು ಫೈಲುಗಳಿದ್ದು, ಎಲ್ಲವೂ ಎಎಂಆರ್ (ಮಾತಿನ ರೆಕಾರ್ಡಿಂಗಿಗೆ ಬಳಸುವ ಒಂದು ಆಡಿಯೋ ಫೈಲು) ರೂಪದಲ್ಲಿವೆ. ಅವನ್ನು ಈಗಿನ ಆಂಡ್ರಾಯ್ಡ್ ಫೋನಿಗೆ ತಂದುಕೊಳ್ಳಬೇಕಾಗಿದೆ. ಎರಡೂ ಫೋನುಗಳು ಪೇರ್ ಆಗಿವೆ. ಆದರೂ ಕಳಿಸಿದ ಸ್ವಲ್ಪ ಹೊತ್ತಿಗೆ ಹಳೆಯ ಫೋನಿನಲ್ಲಿ ‘ವಿಫಲವಾಗಿದೆ’ ಎಂದು ಬರುತ್ತದೆ. ಒಂದು ಫೈಲು ಮಾತ್ರ ಹೋಯಿತೆಂದು ತೋರಿಸಿತು, ಆದರೆ ಅದು ಹೊಸ ಫೋನಿನಲ್ಲಿ ಎಲ್ಲಿಯೂ ಕಾಣುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:
ಪೇರ್ ಆಗುವುದೆಂದರೆ ಎರಡು ಫೋನುಗಳಿಗೆ ಪರಸ್ಪರ ಗುರುತು ಸಿಕ್ಕಿತೆಂದಷ್ಟೇ ಅರ್ಥ. ಫೈಲು ಬಂದಾಗ ಅದನ್ನು ತೆಗೆದುಕೊಳ್ಳಲು ಆಂಡ್ರಾಯ್ಡ್ ಮತ್ತೆ ನಿಮ್ಮ ಒಪ್ಪಿಗೆ ಕೇಳುತ್ತದೆ. ಆ ಕೋರಿಕೆ ನೋಟಿಫಿಕೇಶನ್ ಆಗಿ ಬಂದು, ಒಂದು ನಿಮಿಷದೊಳಗೆ ನೀವು ‘ಸ್ವೀಕರಿಸಿ’ ಎಂಬುದನ್ನು ಒತ್ತದಿದ್ದರೆ ತಾನಾಗಿಯೇ ರದ್ದಾಗುತ್ತದೆ. ಹೊಸ ಫೋನು ‘ಅಡಚಣೆ ಮಾಡಬೇಡಿ’ ಸ್ಥಿತಿಯಲ್ಲಿದ್ದರೆ ಅದು ಸದ್ದಿಲ್ಲದೆ ಬಂದು ಹೋಗಿರುತ್ತದೆ. ನಿಮ್ಮಲ್ಲಿ ಆಗುತ್ತಿರುವುದೂ ಬಹುಶಃ ಇದೇ. ಕಳಿಸುವ ಮೊದಲು ಹೊಸ ಫೋನಿನ ಲಾಕ್ ತೆಗೆದು, ಬ್ಲೂಟೂತ್ ಸೆಟ್ಟಿಂಗ್ಸ್ ಪುಟವನ್ನು ತೆರೆದಿಟ್ಟುಕೊಳ್ಳಿ; ಹಳೆಯದರಲ್ಲಿ ಕಳಿಸಿದ ಕೂಡಲೇ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ನೋಡಿ.

ಬಂದಿರುವ ಫೈಲನ್ನು ಗ್ಯಾಲರಿಯಲ್ಲಿ ಹುಡುಕಬೇಡಿ, ಅಲ್ಲಿ ಚಿತ್ರ ಮತ್ತು ವಿಡಿಯೋ ಮಾತ್ರ ಇರುತ್ತವೆ. ಫೈಲ್ಸ್ ಆ್ಯಪ್ ತೆರೆದು ‘ಡೌನ್‌ಲೋಡ್’ ಫೋಲ್ಡರಿನಲ್ಲಿಯೂ, ಇದ್ದರೆ ‘ಬ್ಲೂಟೂತ್’ ಎಂಬ ಫೋಲ್ಡರಿನಲ್ಲಿಯೂ ನೋಡಿ. ಎಎಂಆರ್ ಫೈಲನ್ನು ಆಂಡ್ರಾಯ್ಡ್ ನುಡಿಸಬಲ್ಲದು, ಆದರೆ ಕೆಲವು ಮ್ಯೂಸಿಕ್ ಆ್ಯಪ್‌ಗಳು ಚಿಕ್ಕ ರೆಕಾರ್ಡಿಂಗ್‌ಗಳನ್ನು ಪಟ್ಟಿಯಲ್ಲಿ ತೋರಿಸುವುದೇ ಇಲ್ಲ. ಆದ್ದರಿಂದ ಫೋಲ್ಡರಿನಿಂದಲೇ ನೇರವಾಗಿ ತೆರೆಯುವುದು ಮೇಲು.

ಮರುಪ್ರಶ್ನೆ:
ತಾವು ಹೇಳಿದಂತೆಯೇ ಆಗಿತ್ತು. ಕಾಣದೆ ಹೋಗಿದ್ದ ಫೈಲು ಡೌನ್‌ಲೋಡ್ ಫೋಲ್ಡರಿನಲ್ಲಿ ಸಿಕ್ಕಿತು, ಮತ್ತೆ ಹತ್ತು ಬಂದವು. ನಲವತ್ತು ನಿಮಿಷದ ಕೊನೆಯ ರೆಕಾರ್ಡಿಂಗ್ ಮಾತ್ರ ಅರ್ಧಕ್ಕೇ ನಿಲ್ಲುತ್ತಿದೆ. ಅಷ್ಟು ದೊಡ್ಡ ಫೈಲು ಬ್ಲೂಟೂತ್‌ನಲ್ಲಿ ಹೋಗುವುದಿಲ್ಲವೇ? ಹೊಸ ಫೋನಿನಲ್ಲಿ ಬ್ಲೂಟೂತ್ 5 ಇದೆ.

ಉತ್ತರ:
ಗಾತ್ರ ಕಾರಣವಲ್ಲ. ಎಎಂಆರ್ ರೆಕಾರ್ಡಿಂಗ್ ನಿಮಿಷಕ್ಕೆ ಹೆಚ್ಚೆಂದರೆ 100 ಕೆಬಿಯಷ್ಟಾಗುತ್ತದೆ, ಅಂದರೆ ನಿಮ್ಮದು 4 ಎಂಬಿಯ ಆಸುಪಾಸಿನಲ್ಲಿದ್ದೀತು. ಬ್ಲೂಟೂತ್ 5ರ ವೇಗದ ಹೆಚ್ಚಳ ಅದರ ಕಡಿಮೆ ವಿದ್ಯುತ್ತಿನ ವಿಭಾಗಕ್ಕೆ (ಸ್ಮಾರ್ಟ್ ವಾಚಿನಂಥ ಚಿಕ್ಕ ಸಾಧನಗಳು ಬಳಸುವ ‘ಬ್ಲೂಟೂತ್ ಲೋ ಎನರ್ಜಿ’) ಸೇರಿದ್ದು. ಫೈಲು ಸಾಗುವುದು ಹಳೆಯ ದಾರಿಯಲ್ಲೇ, ಅಲ್ಲಿ ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಸಿಕ್ಕರೆ ಅದೇ ಹೆಚ್ಚು. (1 ಜಿಬಿಯ ಮದುವೆ ವಿಡಿಯೋವನ್ನು ಹೀಗೆ ಕಳಿಸಲು ಹೊರಟವರು ಒಂದು ಗಂಟೆಗೂ ಮೀರಿ ಕಾಯಬೇಕಾಗುತ್ತದೆ.) ನಡುವೆ ಸಂಪರ್ಕ ತಪ್ಪಿದರೆ ಬಿಟ್ಟಲ್ಲಿಂದ ಮುಂದುವರಿಯದೆ ಮೊದಲಿನಿಂದಲೇ ಕಳಿಸಬೇಕಾಗುವುದರಿಂದ, ಎರಡೂ ಫೋನುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಹೊಸ ಫೋನಿನ ವೈಫೈಯನ್ನೂ ಬ್ಲೂಟೂತ್ ಇಯರ್‌ಫೋನನ್ನೂ ಆಫ್ ಮಾಡಿ ಕಳಿಸಿ; 2.4 ಗಿಗಾಹರ್ಟ್ಸ್ ವೈಫೈ ಕೂಡ ಬ್ಲೂಟೂತ್ ಬಳಸುವ ಅಲೆಗಳನ್ನೇ ಬಳಸುತ್ತದೆ. ಹಳೆಯ ಫೋನಿನ ಬ್ಯಾಟರಿಯೂ ತುಂಬಿರಲಿ. ಆಗಲೂ ನಿಂತರೆ ರೆಕಾರ್ಡಿಂಗನ್ನು ಮೆಮೊರಿ ಕಾರ್ಡಿಗೆ ನಕಲಿಸಿ, ಕಾರ್ಡ್ ರೀಡರ್ ಮೂಲಕ ತೆಗೆದುಕೊಳ್ಳಿ. ಹೊಸ ಫೋನಿನಲ್ಲಿ ಪೂರ್ತಿ ಕೇಳಿ ನೋಡುವವರೆಗೆ ಹಳೆಯದರಿಂದ ಅಳಿಸಬೇಡಿ.

ಪ್ರಶ್ನೆ ಕೇಳಿದವರು:
ವೈಫೈ ಆಫ್ ಮಾಡಿದ ಮೇಲೆ ಎರಡನೆಯ ಪ್ರಯತ್ನಕ್ಕೆ ಪೂರ್ತಿ ಬಂದಿತು. ಕೊನೆಯ ಪದದವರೆಗೂ ಕೇಳಿದೆ, ಸರಿಯಾಗಿದೆ. ಧನ್ಯವಾದಗಳು.